ಗಾಮಾ ಕಿರಣ ಸ್ಫೋಟ ಆದರೆ ಫೋನ್ ಆಫ್ ಮಾಡಬೇಕಾ?

ಪ್ರಶ್ನೆ: ಉಪಗ್ರಹ ಒಂದು ದೀರ್ಘ ಗಾಮಾ ಕಿರಣ ಸ್ಫೋಟ ಪತ್ತೆ ಮಾಡಿದೆಯಂತೆ. ರಾತ್ರಿ 12.30ರಿಂದ 3.30ರವರೆಗೆ ಫೋನ್ ಆಫ್ ಮಾಡಿ ದೂರ ಇಡಿ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮೆಸೇಜ್ ಮತ್ತೆ ಮತ್ತೆ ಬರುತ್ತಲೇ ಇದೆ. ಈ ಸಲ ಬುಡದಿಂದಲೇ ನೋಡಿಬಿಡೋಣ.

ಗಾಮಾ ಕಿರಣ ಸ್ಫೋಟ ಅಂದರೆ ದೂರದ ಬಾಹ್ಯಾಕಾಶದಿಂದ ಥಟ್ಟನೆ ಬಂದು ಹೋಗುವ ಗಾಮಾ ಕಿರಣಗಳ ಹೊಳಪು. ಗಾಮಾ ಕಿರಣವೂ ಬೆಳಕೇ, ಕಣ್ಣಿಗೆ ಕಾಣದ ಭಾರಿ ಶಕ್ತಿಯ ಬೆಳಕು. ಬೆಳಕಿನ ವೇಗದಲ್ಲೇ ಬರುತ್ತದೆ. ಅದನ್ನು ಹಿಂದೆ ಹಾಕಿ ಯಾವ ಸುದ್ದಿಯೂ ನಮಗೆ ಮುಟ್ಟುವುದಿಲ್ಲ. ಹಾಗಿರುವಾಗ 'ಇವತ್ತು ರಾತ್ರಿ ಬರುತ್ತದೆ' ಅಂತ ಮುಂಚೆಯೇ ಹೇಳೋದು ಹೇಗೆ? ಕಿರಣ ಬಂದು ಡಿಟೆಕ್ಟರಿಗೆ ಬಡಿದಾಗಲೇ ಉಪಗ್ರಹಕ್ಕೂ ಗೊತ್ತಾಗುವುದು. ನೀವು ಸುದ್ದಿ ಓದುವಷ್ಟರಲ್ಲಿ ಸ್ಫೋಟದ ಕಿರಣ ಭೂಮಿಯನ್ನು ದಾಟಿ ಹೋಗಿರುತ್ತದೆ.

ಇನ್ನೊಂದು ವಿಷಯ. ಈ ಕಿರಣಗಳನ್ನು ನಮ್ಮ ವಾತಾವರಣ ಮೇಲೆಯೇ ತಡೆದುಬಿಡುತ್ತದೆ. ನೆಲಕ್ಕೆ ಬೀಳುವ ಹಾಗಿದ್ದರೆ ಉಪಗ್ರಹ ಯಾಕೆ ಬೇಕಿತ್ತು? 1967ರಲ್ಲಿ ಮೊದಲ ಸ್ಫೋಟ ಸಿಕ್ಕಿದ್ದೂ ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ.

ಇಷ್ಟಾದರೂ ನಂಬಿಕೆ ಬರದಿದ್ದರೆ 2022ರ ಅಕ್ಟೋಬರ್ 9 ನೆನಪಿಸಿಕೊಳ್ಳಿ. ಭಾನುವಾರ, ನಮ್ಮ ಸಮಯ ಸಂಜೆ 6.47. ಇದುವರೆಗೆ ದಾಖಲಾದ ಗಾಮಾ ಸ್ಫೋಟಗಳಲ್ಲೇ ಅತಿ ಪ್ರಖರವಾದದ್ದು ಬಂದದ್ದು ಆಗಲೇ. ಸುಮಾರು 190 ಕೋಟಿ ವರ್ಷ ಹಿಂದೆ ಹೊರಟ ಬೆಳಕು ಅದು. ಬಂದ ದಿಕ್ಕು ಯಾವುದು ಗೊತ್ತಾ? ಬೆಂಗಳೂರಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ! ಭೂಮಿಯ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶ ತುಂಬಿದ ಪದರ, ಕದಡಿತು, ಉಪಕರಣಗಳು ಅದನ್ನು ಅಳೆದವು. ಮೆಜೆಸ್ಟಿಕ್‌ನಲ್ಲಿ, ಜಯನಗರದಲ್ಲಿ ಆ ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನ್ ಇತ್ತು. ಯಾರಿಗೂ ಏನೂ ಆಗಲಿಲ್ಲ, ಅಲ್ವಾ?

ಅಂದ ಹಾಗೆ, ಈ 'ದೀರ್ಘ' ಎಷ್ಟು ದೀರ್ಘ? ಎರಡು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಸಾಕು. ಬಂದ ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಎಣಿಸುತ್ತಾರೆ. ಮೊದಲ ಶೇ. 5 ಮುಗಿದಲ್ಲಿಂದ ಶೇ. 95 ತುಂಬುವವರೆಗಿನ ಹೊತ್ತೇ ಸ್ಫೋಟದ ಅವಧಿ. ಹೆಚ್ಚಿನ ದೀರ್ಘ ಸ್ಫೋಟಗಳು ಭಾರಿ ನಕ್ಷತ್ರದ ಒಡಲು ಕುಸಿದಾಗ ಆಗುವಂಥವು. ಆದರೆ ಎರಡು ಸೆಕೆಂಡಿನ ಗೆರೆ ಕಲ್ಲಿನ ಮೇಲೆ ಬರೆದದ್ದಲ್ಲ. 2021ರ ಡಿಸೆಂಬರ್ 11ರ ಸ್ಫೋಟ ದೀರ್ಘವೇ ಆಗಿದ್ದರೂ ನ್ಯೂಟ್ರಾನ್ ನಕ್ಷತ್ರದಂಥ ಎರಡು ತುಂಬಾ ಸಾಂದ್ರವಾದ ನಕ್ಷತ್ರಗಳು ಒಂದಾದಾಗ ಕಾಣುವ ಗುರುತು ಅದರಲ್ಲಿತ್ತು.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. ಆಕಾಶಕಾಯಗಳನ್ನು ಗಮನಿಸಲು ಇಸ್ರೋ ಕಳಿಸಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಹಾರಿತು. ಅದನ್ನು ನಡೆಸುವ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಅದರಲ್ಲಿರುವ ಸಿಝಡ್‌ಟಿಐ ಎಂಬ ಎಕ್ಸ್‌-ರೇ ಹಿಡಿಯುವ ಉಪಕರಣ ಅಕ್ಟೋಬರ್ 6ರಂದು ಶುರುವಾಯಿತು, ಅವತ್ತೇ ಒಂದು ಗಾಮಾ ಸ್ಫೋಟ ಹಿಡಿಯಿತು. ಹೆಚ್ಚು ಶಕ್ತಿಯ ಕಿರಣಗಳು ಅದರ ಗೋಡೆಗಳನ್ನೇ ತೂರಿ ಒಳಬರುತ್ತವೆ. ಹಾಗಾಗಿ ಅದು ಬೇರೆ ಕಡೆ ಮುಖ ಮಾಡಿದ್ದರೂ ಸ್ಫೋಟ ತಪ್ಪಿಹೋಗುವುದಿಲ್ಲ. ಕೆಲವು ಫೋಟಾನ್‌ಗಳು ಒಂದು ಪಿಕ್ಸೆಲ್‌ಗೆ ಬಡಿದು, ಸಿಡಿದು, ಪಕ್ಕದ ಪಿಕ್ಸೆಲ್‌ಗೆ ಬೀಳುತ್ತವೆ. ಯಾವ ಕಡೆಗೆ ಜಾಸ್ತಿ ಸಿಡಿದವು ಅಂತ ಎಣಿಸಿದರೆ ಆ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಎಷ್ಟರ ಮಟ್ಟಿಗೆ ಕಂಪಿಸುತ್ತವೆ ಅನ್ನುವುದು, ಸಿಗುತ್ತದೆ. ಸ್ಫೋಟದಿಂದ ಚಿಮ್ಮಿದ ಧಾರೆಯಲ್ಲಿ ಕಾಂತಕ್ಷೇತ್ರ ಹೇಗಿತ್ತು ಅಂತ ಹುಡುಕುವುದು ಅದರಿಂದಲೇ.