ಯಾವ ಪಟ್ಟಿಯಲ್ಲೂ ಇಲ್ಲದವರ ಲೆಕ್ಕ

2013ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಸಿರಿಯಾದ ಅಂತರ್ಯುದ್ಧದಲ್ಲಿ ಸತ್ತವರ ಸಂಖ್ಯೆಯೊಂದನ್ನು ಪ್ರಕಟಿಸಿತು: 92,901. ಇಷ್ಟು ಕರಾರುವಾಕ್ಕಾದ ಸಂಖ್ಯೆ ಕಂಡರೆ ಯಾರೋ ಕೂತು ಒಂದೊಂದೇ ಹೆಣ ಎಣಿಸಿದ್ದಾರೆ ಅನಿಸುತ್ತದೆ. ಹಾಗಾಗಿರಲಿಲ್ಲ. ಲೆಕ್ಕ ಮಾಡಿದವರು ಇದ್ದದ್ದು ಅಮೆರಿಕದಲ್ಲಿ. ಹ್ಯೂಮನ್ ರೈಟ್ಸ್ ಡೇಟಾ ಅನಾಲಿಸಿಸ್ ಗ್ರೂಪ್ ಎಂಬ ಪುಟ್ಟ ತಂಡ. ಅವರ ಮುಂದಿದ್ದದ್ದು ಎಂಟು ಪಟ್ಟಿಗಳು. ಒಂದು ಸಿರಿಯಾ ಸರ್ಕಾರದ್ದು, ಮಿಕ್ಕವು ಬೇರೆ ಬೇರೆ ಗುಂಪುಗಳು ಪ್ರಾಣ ಒತ್ತೆಯಿಟ್ಟು ಬರೆದಿಟ್ಟವು. ಎಲ್ಲ ಸೇರಿಸಿದರೆ 2,63,055 ದಾಖಲೆ.

ಎರಡೂವರೆ ಲಕ್ಷಕ್ಕೂ ಮಿಕ್ಕಿದ್ದು ತೊಂಬತ್ಮೂರು ಸಾವಿರಕ್ಕೆ ಇಳಿದದ್ದು ಹೇಗೆ? ಒಬ್ಬನೇ ಮನುಷ್ಯ ಮೂರ್ನಾಲ್ಕು ಪಟ್ಟಿಗಳಲ್ಲಿ ಸತ್ತಿರುತ್ತಾನೆ. ನಮ್ಮ ಮತದಾರರ ಪಟ್ಟಿ, ಪಡಿತರ ಚೀಟಿ, ಪಹಣಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಈ ತಾಪತ್ರಯ ವಿವರಿಸಬೇಕಿಲ್ಲ. ಒಂದರಲ್ಲಿ ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ್ ಎಸ್., ಮತ್ತೊಂದರಲ್ಲಿ ಬರೀ ಮಂಜಣ್ಣ. ಮೂವರೂ ಒಬ್ಬರೇ ಇರಬಹುದು. ಅಥವಾ ಒಂದೇ ಬೀದಿಯ ಮೂರು ಮನೆಯವರೂ ಇರಬಹುದು. ಮಹಮ್ಮದ್, ಅಹ್ಮದ್‌ಗಳೇ ತುಂಬಿರುವ ಅರಬ್ಬಿ ಪಟ್ಟಿಯ ಪಾಡು ಊಹಿಸಿಕೊಳ್ಳಿ. 2,63,055 ದಾಖಲೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಹೊರಟರೆ ಸುಮಾರು 3,460 ಕೋಟಿ ಜೋಡಿಗಳಾಗುತ್ತವೆ. ಅದಕ್ಕೇ ಮೊದಲಿಗೆ ಸಾವಿನ ಪ್ರಾಂತ್ಯ, ದಿನಾಂಕ ಹತ್ತಿರವಿರುವ ಜೋಡಿಗಳನ್ನಷ್ಟೇ ಆರಿಸುತ್ತಾರೆ. ಅರಬ್ಬಿ ಬಲ್ಲವರು ಅದರಲ್ಲಿ ಒಂದಷ್ಟನ್ನು ಕಣ್ಣಾರೆ ನೋಡಿ ‘ಇವನೇ ಅವನು’, ‘ಇವನು ಬೇರೆ’ ಎಂದು ಗುರುತು ಹಾಕುತ್ತಾರೆ. ಆ ತೀರ್ಮಾನಗಳನ್ನು ನೋಡಿ ಕಲಿತ ಕಂಪ್ಯೂಟರ್ ಉಳಿದದ್ದನ್ನು ಮುಗಿಸುತ್ತದೆ. ಪೂರ್ತಿ ಹೆಸರು, ದಿನ, ಸ್ಥಳ ಈ ಮೂರರಲ್ಲಿ ಒಂದಾದರೂ ಇಲ್ಲದ ದಾಖಲೆಯನ್ನು ಯಾವುದಕ್ಕೂ ಹೊಂದಿಸಲಾಗದು. ಅಂಥವು ಇವಲ್ಲದೆ ಇನ್ನೂ ಸುಮಾರು 38 ಸಾವಿರ ಇದ್ದವು. ಅವನ್ನು ಪಕ್ಕಕ್ಕಿಟ್ಟರು.

92,901 ಎಂಬುದು ಹಾಗೆ ಬಂದದ್ದು. ಅದು ಸತ್ತವರ ಸಂಖ್ಯೆಯಲ್ಲ, ಯಾರಾದರೂ ಒಬ್ಬರು ಹೆಸರು ಬರೆದಿಟ್ಟ ಸತ್ತವರ ಸಂಖ್ಯೆ. ಕನಿಷ್ಠ ಇಷ್ಟು ಎಂದು ವರದಿಯೇ ಒತ್ತಿ ಹೇಳಿತ್ತು. ಪತ್ರಿಕೆಗಳ ತಲೆಬರಹದಲ್ಲಿ ‘ಕನಿಷ್ಠ’ಕ್ಕೆ ಎಲ್ಲಾದರೂ ಜಾಗ ಸಿಗುತ್ತದೆಯೇ!

ಪಟ್ಟಿಗೆ ತನ್ನದೇ ಕುರುಡು ಇದೆ. ಪೇಟೆಯ ನಡುವೆ ಬಾಂಬ್ ಸಿಡಿದು ನಲವತ್ತು ಜನ ಸತ್ತರೆ ಎಲ್ಲ ಪಟ್ಟಿಗಳಲ್ಲೂ ಅದು ಬರುತ್ತದೆ. ರಾತ್ರಿ ಚೆಕ್‌ಪೋಸ್ಟಿನ ಬಳಿ ಒಬ್ಬನನ್ನು ಇಳಿಸಿ ಗುಂಡು ಹೊಡೆದರೆ ಒಂದು ಪಟ್ಟಿಯಲ್ಲಿ ಬಂದರೆ ಪುಣ್ಯ. ಹೋರಾಟ ಬಿರುಸಾದ ಕಡೆ ಬರೆದಿಡುವವರೇ ಓಡಿಹೋಗಿರುತ್ತಾರೆ, ಇಲ್ಲವೇ ಸತ್ತಿರುತ್ತಾರೆ. ಆಗ ಪಟ್ಟಿಯ ಸಂಖ್ಯೆ ಇಳಿಯುತ್ತದೆ. ದೂರದಲ್ಲಿ ಕೂತು ನೋಡುವವರಿಗೆ ಅಲ್ಲಿ ಶಾಂತಿ ನೆಲೆಸಿದಂತೆ ಕಾಣುತ್ತದೆ.

ಹಾಗಾದರೆ ಯಾರೂ ಬರೆದಿಡದವರ ಲೆಕ್ಕ ಹಿಡಿಯುವುದು ಹೇಗೆ? ಇದಕ್ಕೊಂದು ಉಪಾಯವಿದೆ. ಅದರ ಮೂಲ ದಾಖಲೆಗಳಲ್ಲೊಂದು ಹುಟ್ಟಿದ್ದು ನಮ್ಮದೇ ದೇಶದ ಹಳ್ಳಿಗಳಲ್ಲಿ, ಅದೂ ಯುದ್ಧಕ್ಕೆ ಏನೂ ಸಂಬಂಧವಿಲ್ಲದ ಕಾರಣಕ್ಕೆ.

ಕೋಲ್ಕತ್ತಾ ಬಳಿಯ ಸಿಂಗೂರು. ಮುಂದೆ ಕಾರು ಕಾರ್ಖಾನೆಯ ಗಲಾಟೆಯಿಂದ ದೇಶಕ್ಕೆಲ್ಲ ಪರಿಚಯವಾದ ಅದೇ ಸಿಂಗೂರು. ಅಲ್ಲಿನ ಜನನ ಮರಣ ನೋಂದಣಿ ಎಷ್ಟು ನಂಬಿಕೆಗೆ ಯೋಗ್ಯ ಎಂದು 1947ರಲ್ಲಿ ಪರೀಕ್ಷೆ ನಡೆಯಿತು. ರಿಜಿಸ್ಟ್ರಾರರ ಪುಸ್ತಕ ಒಂದು ಪಟ್ಟಿ. ಕಾರ್ಯಕರ್ತರು ಮನೆಮನೆ ತಿರುಗಿ ಕೇಳಿ ಬರೆದದ್ದು ಇನ್ನೊಂದು. ಎರಡರಲ್ಲೂ ಇರುವ ಹೆಸರುಗಳನ್ನು ಹೊಂದಿಸಿ ನೋಡಿದ ಸಿ. ಚಂದ್ರಶೇಖರನ್ ಎಂಬ ಸಂಖ್ಯಾಶಾಸ್ತ್ರಜ್ಞ, ಮುಂದೆ ಜಪಾನಿನ ಕಾರ್ಖಾನೆಗಳ ಗುಣಮಟ್ಟದ ಗುರುವೆಂದು ಹೆಸರಾದ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಜೊತೆಗೂಡಿ 1949ರಲ್ಲಿ ಪ್ರಬಂಧ ಬರೆದರು. ತಮಾಷೆಯೆಂದರೆ ಪ್ರಬಂಧದಲ್ಲಿ ಅವರ ಹೆಸರು ‘ಚಂದ್ರ ಶೇಖರ್’ ಎಂದು ಎರಡು ತುಂಡಾಗಿ ಅಚ್ಚಾಗಿದೆ. ಹೆಸರು ಹೊಂದಿಸುವ ವಿದ್ಯೆ ಬರೆದವರ ಹೆಸರೇ ಗ್ರಂಥಾಲಯದ ಸೂಚಿಗಳಲ್ಲಿ ಇಬ್ಬರದ್ದಾಗಿ ಕಾಣುತ್ತದೆ! ಮುಂದೆ 1950ರ ದಶಕದಲ್ಲಿ ಮೈಸೂರು ರಾಜ್ಯದ ಜನಸಂಖ್ಯಾ ಅಧ್ಯಯನದಲ್ಲಿ ದುಡಿದವರೂ ಇವರೇ.

ಲೆಕ್ಕ ಹೀಗೆ. ಒಂದು ಊರಿನಲ್ಲಿ ರಿಜಿಸ್ಟ್ರಾರರ ಪುಸ್ತಕದಲ್ಲಿ 60 ಸಾವು ಇವೆ ಅಂದುಕೊಳ್ಳಿ. ಮನೆಮನೆ ಸುತ್ತಿದವರ ಬಳಿ 50. ಎರಡರಲ್ಲೂ ಇರುವವು 30. ರಿಜಿಸ್ಟ್ರಾರರ 60ರಲ್ಲಿ ಸುತ್ತಾಡಿದವರ ಬಲೆಗೆ ಬಿದ್ದದ್ದು 30, ಅಂದರೆ ಅರ್ಧ. ಇವರು ಯಾವಾಗಲೂ ಅರ್ಧದಷ್ಟನ್ನೇ ಹಿಡಿಯುವವರಾದರೆ, ಅವರ ಬಳಿಯಿರುವ 50 ಒಟ್ಟು ಸಾವಿನ ಅರ್ಧ. ಆದ್ದರಿಂದ ಊರಿನಲ್ಲಿ ಸತ್ತವರು 100. ಎರಡೂ ಪಟ್ಟಿ ಸೇರಿ ಸಿಕ್ಕವರು 80. ಯಾವ ಪಟ್ಟಿಯಲ್ಲೂ ಇಲ್ಲದವರು 20. ಪಟ್ಟಿಗಳು ಒಂದರ ಮೇಲೊಂದು ಹೆಚ್ಚು ಕೂತಷ್ಟೂ ತಪ್ಪಿಸಿಕೊಂಡವರು ಕಡಿಮೆ; ಕೂಡಿಕೆ ತೆಳುವಾದಷ್ಟೂ ಹೊರಗುಳಿದವರು ಹೆಚ್ಚು.

ಕೊಕ್ಕೆ ಇರುವುದು ‘ಯಾವಾಗಲೂ ಅರ್ಧ’ ಎಂಬ ಮಾತಿನಲ್ಲಿ. ಹುಟ್ಟಿದ ದಿನವೇ ತೀರಿಕೊಂಡ ಹೆಣ್ಣುಮಗುವಿನ ಸುದ್ದಿ ರಿಜಿಸ್ಟ್ರಾರರಿಗೂ ಹೋಗುವುದಿಲ್ಲ, ಬಾಗಿಲಿಗೆ ಬಂದವರಿಗೂ ಯಾರೂ ಹೇಳುವುದಿಲ್ಲ. ಒಂದು ಪಟ್ಟಿ ಬಿಟ್ಟವರನ್ನೇ ಇನ್ನೊಂದೂ ಬಿಟ್ಟರೆ ಲೆಕ್ಕ ಕಡಿಮೆ ತೋರಿಸುತ್ತದೆ. ಸಿಂಗೂರಿನ ಪ್ರಬಂಧಕಾರರು ಇದನ್ನು ಬಲ್ಲವರಾಗಿದ್ದರು. ಜನರನ್ನು ಸಣ್ಣ ಸಣ್ಣ ಗುಂಪುಗಳಾಗಿ ಬೇರ್ಪಡಿಸಿ ಪ್ರತಿ ಗುಂಪಿನಲ್ಲೂ ಬೇರೆಯಾಗಿ ಲೆಕ್ಕ ಹಾಕಿ ಎಂದರು. ಮೂರು, ನಾಲ್ಕು ಪಟ್ಟಿಗಳಿದ್ದರೆ ಯಾವ ಪಟ್ಟಿಗೆ ಯಾವುದರ ನೆರಳು ಎಂಬುದನ್ನೂ ಅಳೆಯಬಹುದು ಎಂದು ಆಮೇಲಿನವರು ಕಂಡುಕೊಂಡರು.

ಪೆರು ದೇಶದಲ್ಲಿ ಈ ವಿದ್ಯೆ ಕೆಲಸಕ್ಕೆ ಬಂತು. 1980ರಿಂದ 2000ರವರೆಗೆ ಅಲ್ಲಿ ‘ಶೈನಿಂಗ್ ಪಾತ್’ ಎಂಬ ಮಾವೋವಾದಿ ಬಂಡುಕೋರರಿಗೂ ಸೇನೆಗೂ ಕಾದಾಟ ನಡೆದಿತ್ತು. ಸತ್ಯಶೋಧನಾ ಆಯೋಗದ ಕೈಗೆ ಸಿಕ್ಕ ಪಟ್ಟಿಗಳನ್ನೆಲ್ಲ ಹೊಂದಿಸಿದಾಗ ಸುಮಾರು 24 ಸಾವಿರ ಹೆಸರು ಉಳಿದವು. ಪಟ್ಟಿಗಳ ಕೂಡಿಕೆಯಿಂದ ಲೆಕ್ಕ ಹಾಕಿದಾಗ ಬಂದದ್ದು 69,280. ಆಚೀಚೆ 61,007ರಿಂದ 77,552ರವರೆಗೆ ಇರಬಹುದು ಎಂದು 2003ರ ವರದಿ ಹೇಳಿತು. ಸತ್ತವರಲ್ಲಿ ನಾಲ್ಕರಲ್ಲಿ ಮೂವರ ಮನೆಮಾತು ಕೆಚುವಾ ಅಥವಾ ಇನ್ನೊಂದು ಮೂಲನಿವಾಸಿ ಭಾಷೆ. ಆಂಡಿಸ್ ಬೆಟ್ಟಗಳ ಬಡ ರೈತಾಪಿಗಳು. ರಾಜಧಾನಿ ಲಿಮಾದ ಸ್ಪ್ಯಾನಿಷ್ ಪತ್ರಿಕೆಗಳಿಗೆ ಇಪ್ಪತ್ತು ವರ್ಷ ಕಾಣಿಸದೆ ಹೋದವರು.

ವಾದ ಅಲ್ಲಿಗೆ ಮುಗಿಯಲಿಲ್ಲ. ಸಿಲ್ವಿಯೊ ರೆಂಡಾನ್ ಎಂಬ ಅರ್ಥಶಾಸ್ತ್ರಜ್ಞ 2019ರಲ್ಲಿ ಅದೇ ದತ್ತಾಂಶ ಹಿಡಿದು ಬೇರೆ ದಾರಿಯಲ್ಲಿ ಲೆಕ್ಕ ಮಾಡಿ ಸುಮಾರು 48 ಸಾವಿರ ಅಂದರು. ಮೊದಲು ಲೆಕ್ಕ ಮಾಡಿದವರು ಅದನ್ನು ಒಪ್ಪಲಿಲ್ಲ. ಜಗಳದ ಬೇರು ಇರುವುದು ಬಂಡುಕೋರರು ಕೊಂದವರ ವಿಷಯದಲ್ಲಿ. ಅವರ ಹೆಸರು ಆಯೋಗದ ಪಟ್ಟಿ ಬಿಟ್ಟು ಬೇರೆಡೆ ತೀರಾ ವಿರಳ. ಕೂಡಿಕೆಯೇ ಇಲ್ಲದಲ್ಲಿ ಕೂಡಿಕೆಯ ಲೆಕ್ಕ ತಡವರಿಸುತ್ತದೆ. ನನಗೆ ಈ ಜಗಳ ವಿದ್ಯೆಯ ಸೋಲೆಂದು ಅನಿಸುವುದಿಲ್ಲ. ಹೆಸರು ಹೊಂದಿಸಿ ಸಿಕ್ಕ 24 ಸಾವಿರಕ್ಕೆ ಹೋಲಿಸಿದರೆ 48 ಸಾವಿರವೂ ಎರಡು ಪಟ್ಟು.

ಸಿರಿಯಾಕ್ಕೂ ಕೊನೆಗೆ ಇದೇ ಲೆಕ್ಕ ಬಂತು. 2011ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗೆ ಸತ್ತ ನಾಗರಿಕರು 3,06,887 ಎಂದು ವಿಶ್ವಸಂಸ್ಥೆ 2022ರಲ್ಲಿ ಹೇಳಿತು. ಇದರಲ್ಲಿ ಹೆಸರು, ದಿನ, ಸ್ಥಳದ ಸಮೇತ ದಾಖಲಾದವರು 1,43,350. ಮಿಕ್ಕ 1,63,537 ಮಂದಿ ಅಂದಾಜಿನಲ್ಲಿ ಮಾತ್ರ ಇರುವವರು.

ಯುದ್ಧದಲ್ಲೋ ವಿಕೋಪದಲ್ಲೋ ಹಾಳಾದ ಮನೆಗಳನ್ನು ಎಣಿಸುವ ವಿಷಯ ಇಷ್ಟು ಗೋಜಲಿಲ್ಲ; ಬಿದ್ದ ಮನೆ ಬಿದ್ದಲ್ಲೇ ಇರುತ್ತದೆ. ನೆರೆ ಬಂದಾಗ ನಮ್ಮಲ್ಲಿ ಮನೆಹಾನಿಯನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸುವಂತೆ ಉಪಗ್ರಹ ಚಿತ್ರ ನೋಡುವವರೂ ಹಾನಿಗೆ ದರ್ಜೆ ಕೊಡುತ್ತಾರೆ. ಆದರೆ ಭೂಕಂಪದಲ್ಲಿ ಮಹಡಿಗಳು ದೋಸೆ ಪೇರಿಸಿದಂತೆ ಒಂದರ ಮೇಲೊಂದು ಕೂತು, ತಾರಸಿ ಮಾತ್ರ ಬಿರುಕಿಲ್ಲದೆ ಉಳಿದರೆ ಮೇಲಿನ ಕ್ಯಾಮೆರಾಕ್ಕೆ ಏನೂ ಆಗಿಲ್ಲವೆಂದೇ ಕಾಣುತ್ತದೆ. 2010ರಲ್ಲಿ ಹೈಟಿಯ ಪೋರ್ಟೊ ಪ್ರಿನ್ಸ್‌ನಲ್ಲಿ ಇದು ದೊಡ್ಡ ತೊಡಕಾಗಿತ್ತು. ಅದಕ್ಕೇ ಈಗ ರಾಡಾರಿನ ಮೊರೆ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬಂದು ನೆಲ, ಗೋಡೆಗಳಿಂದ ಮರಳುವ ಅಲೆಗಳನ್ನು ಹೋಲಿಸಿ ನೋಡಬಲ್ಲದು, ಮೋಡವಿರಲಿ, ರಾತ್ರಿಯಿರಲಿ.

ಆದರೆ ಮನೆ ನಿಂತೇ ಇದ್ದು ಒಳಗಿನವರು ಸತ್ತರೆ? 2017ರ ಸೆಪ್ಟೆಂಬರ್ 20ರಂದು ಪೋರ್ಟೊ ರಿಕೊ ದ್ವೀಪಕ್ಕೆ ಮರಿಯಾ ಚಂಡಮಾರುತ ಅಪ್ಪಳಿಸಿತು. ಸರ್ಕಾರ ಕೊಟ್ಟ ಸಾವಿನ ಲೆಕ್ಕ 64. ತಿಂಗಳುಗಟ್ಟಲೆ ಕರೆಂಟು ಇರಲಿಲ್ಲ. ಡಯಾಲಿಸಿಸ್ ಸಿಗದೆ, ಆಮ್ಲಜನಕದ ಯಂತ್ರ ನಿಂತು ಸತ್ತವರ ಮರಣಪತ್ರದಲ್ಲಿ ಹೃದಯಾಘಾತ, ಮಧುಮೇಹ ಎಂದಿತ್ತೇ ಹೊರತು ಚಂಡಮಾರುತದ ಹೆಸರಿರಲಿಲ್ಲ. ಹಾರ್ವರ್ಡ್‌ನ ಸಂಶೋಧಕರು 3,299 ಮನೆಗಳಿಗೆ ಹೋಗಿ ನಿಮ್ಮಲ್ಲಿ ಯಾರು ತೀರಿಕೊಂಡರು ಎಂದು ಕೇಳಿದರು. ಹಿಂದಿನ ವರ್ಷದ ಸಾವಿನ ದರಕ್ಕೆ ಹೋಲಿಸಿದಾಗ ಹೆಚ್ಚುವರಿ ಸಾವು 4,645 ಎಂದು ಅಂದಾಜಾಯಿತು. ಕೋವಿಡ್ ಕಾಲದಲ್ಲಿ ನಾವೂ ಪದೇ ಪದೇ ಕೇಳಿದ ‘ಹೆಚ್ಚುವರಿ ಸಾವು’ ಇದೇ. ಮಾದರಿ ಚಿಕ್ಕದು, ಹಾಗಾಗಿ 793ರಿಂದ 8,498ರವರೆಗೆ ಎಷ್ಟೂ ಇರಬಹುದು ಎಂದೂ ಅವರು ಬರೆದಿದ್ದರು. ಜನರ ಬಾಯಲ್ಲಿ ಉಳಿದದ್ದು ಮಾತ್ರ ನಡುವಿನ ಸಂಖ್ಯೆ.

ಆ ವರದಿ ಬಂದ ಕೆಲವೇ ದಿನಗಳಲ್ಲಿ, 2018ರ ಜೂನ್ ಮೊದಲ ವಾರ, ದ್ವೀಪದ ರಾಜಧಾನಿ ಸ್ಯಾನ್ ವಾನ್ ನಗರದ ಶಾಸನಸಭೆಯ ಮುಂದೆ ಜನ ಸತ್ತವರ ಚಪ್ಪಲಿ, ಬೂಟುಗಳನ್ನು ತಂದು ಸಾಲಾಗಿ ಇಡತೊಡಗಿದರು. ಅಜ್ಜಿಯ ಚಪ್ಪಲಿ, ಕೆಲಸಕ್ಕೆ ಹೋಗುವವರ ಬೂಟು. ಕೆಲವಕ್ಕೆ ಹೆಸರು ಬರೆದ ಚೀಟಿ. ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ, ದ್ವೀಪದ ಮರಣ ದಾಖಲೆಗಳನ್ನೆಲ್ಲ ಹಿಡಿದು, ಆರು ತಿಂಗಳ ಹೆಚ್ಚುವರಿ ಸಾವು 2,975 ಎಂದು ಹೇಳಿತು. ಸರ್ಕಾರ ತನ್ನ 64ನ್ನು ಕೈಬಿಟ್ಟು ಅದನ್ನೇ ಅಧಿಕೃತ ಮಾಡಿಕೊಂಡಿತು. ಅದು ದರಗಳ ವ್ಯತ್ಯಾಸದಿಂದ ಬಂದ ಸಂಖ್ಯೆ, ಅದಕ್ಕೆ ಹೆಸರುಗಳ ಪಟ್ಟಿಯಿಲ್ಲ. ಸಾಲಿನಲ್ಲಿ ಚಪ್ಪಲಿ ಇಟ್ಟುಹೋದ ಮನೆಯವರಲ್ಲಿ ಯಾರ ಮನೆಯ ಸಾವು ಅದರೊಳಗೆ ಸೇರಿದೆ ಎಂದು ಆ ತಂಡದವರೂ ಹೇಳಲಾರರು.