ಅರ್ಧ ಪ್ರದಕ್ಷಿಣೆ ಲೆಕ್ಕಕ್ಕಿಲ್ಲ

ಹಬ್ಬಕ್ಕೆ ಹಾಸನಕ್ಕೆ ಬಂದಾಗೆಲ್ಲ ಚಿಕ್ಕಮ್ಮನದು ಒಂದೇ ಪ್ರಶ್ನೆ. "ಅಲ್ಲ ಕಣೋ, ಗ್ಯಾಸನ್ನ ಅಷ್ಟೊಂದು ತಣ್ಣಗೆ ಮಾಡಿ ಏನ್ ಮಾಡ್ತೀಯ?" ಈ ಸಲ ಕೈಯಲ್ಲಿ ಕಾಫಿ ಲೋಟ ಇತ್ತು, ಚಮಚದಲ್ಲಿ ತಿರುವಿ ಬಿಟ್ಟೆ. ನೊರೆ ನಾಲ್ಕು ಸುತ್ತು ಸುತ್ತಿ ನಿಂತಿತು. ತಿಕ್ಕಾಟ ವೇಗವನ್ನು ತಿಂದುಹಾಕಿತು, ಅಷ್ಟೇ.

ನಮ್ಮ ಲ್ಯಾಬಿನ ರುಬಿಡಿಯಂ ಮೋಡ, ಅಂದರೆ ರುಬಿಡಿಯಂ ಅನ್ನುವ ಲೋಹದ ತಣ್ಣನೆಯ ಗ್ಯಾಸು, ಬೇರೆ ಜಾತಿ. ಲೇಸರಿನಿಂದ ಪರಮಾಣುಗಳ ವೇಗ ಇಳಿಸಿ, ಇನ್ನೂ ಬಿಸಿ ಇರುವವನ್ನು ಹೊರಗೆ ಹಾರಿಬಿಟ್ಟು, ಒಂದು ಡಿಗ್ರಿಯ ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಬಿಸಿ ಉಳಿಸಿದರೆ, ಎಲ್ಲವೂ ಸೇರಿ ಒಂದೇ ಅಲೆಯಂತೆ ನಡೆದುಕೊಳ್ಳುತ್ತವೆ, ತಿಕ್ಕಾಟವಿಲ್ಲದೆ ಹರಿಯುತ್ತವೆ. ಸತ್ಯೇಂದ್ರನಾಥ ಬೋಸರ 1924ರ ಲೆಕ್ಕದಿಂದ ಹುಟ್ಟಿದ ಮಾತಿದು. ಗ್ಯಾಸಿನಲ್ಲಿ ಮಾಡಿ ತೋರಿಸಿದ್ದು 1995ರಲ್ಲಿ, ಅಮೆರಿಕದ ಬೌಲ್ಡರಿನಲ್ಲಿ ಕಾರ್ನೆಲ್ ಮತ್ತು ವೀಮನ್ ಅನ್ನುವ ವಿಜ್ಞಾನಿಗಳು. ಈ ಮೋಡವನ್ನು ಮೆಲ್ಲಗೆ ತಿರುವಿ, ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಜೋರಾಗಿ ತಿರುವಿದರೆ ಅಂಚಿನಿಂದ ಒಂದು ಸುಳಿ ಒಳಗೆ ಬರುತ್ತದೆ. ಆಮೇಲೆ ಇನ್ನೊಂದು. ಅರ್ಧ ಸುಳಿ ಬರುವುದಿಲ್ಲ.

ಬೇಲೂರು ಗುಡಿಯ ಜಗತಿ ನೋಡಿದ್ದೀರಲ್ವಾ, ನಕ್ಷತ್ರದ ಹಾಗೆ ಮೂಲೆಮೂಲೆ? ಅಂಚಿನಲ್ಲೇ ನಡೆಯಿರಿ, ಮದನಿಕೆ ನೋಡ್ತಾ ನಿಲ್ಲಿ, ಮಗುವಿನ ಹಿಂದೆ ಹತ್ತು ಹೆಜ್ಜೆ ವಾಪಸ್ ಓಡಿ. ಹೊರಟ ಜಾಗಕ್ಕೆ ಬಂದಾಗ ಆಗಿರುವುದು ಒಂದು ಪ್ರದಕ್ಷಿಣೆ, ಇಲ್ಲಾ ಎರಡು. ಅಲೆಯೂ ಸುಳಿಯನ್ನು ಸುತ್ತಿ ಬಂದು ತನ್ನ ಬಾಲಕ್ಕೆ ಸರಿಯಾಗಿ ಕೂಡಬೇಕು. ಟೊಪಾಲಜಿ ಅನ್ನುವ ದೊಡ್ಡ ಹೆಸರಿನ ಒಳಗಿರುವುದು ಈ ಎಣಿಕೆ. ಮೋಡ ಸೊಟ್ಟಗಾದರೂ ಎಣಿಕೆ ಕೆಡಲ್ಲ. ಸುಳಿ ಅಂಚಿಗೆ ಜಾರಿ ಹೊರಬೀಳಬೇಕು, ಇಲ್ಲಾ ಉಲ್ಟಾ ತಿರುಗುವ ಸುಳಿಗೆ ಡಿಕ್ಕಿ ಹೊಡೆದು ಎರಡೂ ಅಳಿಯಬೇಕು.

ನೋಡುವುದು ಹೇಗೆ? ಮೋಡವನ್ನು ಬಿಟ್ಟುಬಿಡುತ್ತೇವೆ, ಅದು ಬೀಳ್ತಾ ಹಿಗ್ಗುವಾಗ ಲೇಸರ್ ಹಾಯಿಸಿ ನೆರಳಿನ ಫೋಟೊ ತೆಗೆಯುತ್ತೇವೆ. ಸುಳಿ ಇದ್ದಲ್ಲಿ ಸೂಜಿ ಚುಚ್ಚಿದಂಥ ತೂತು. ಫೋಟೊ ಬಂತು, ಮೋಡ ಹೋಯಿತು, ಮತ್ತೆ ಮೊದಲಿನಿಂದ. ಒಮ್ಮೆ ಏಸಿ ಕೆಟ್ಟು ಲೇಸರಿನ ಬಣ್ಣ ಕೂದಲೆಳೆಯಷ್ಟು ಸರಿದದ್ದಕ್ಕೆ ಮೂರು ದಿನ ಬರೀ ಖಾಲಿ ಫೋಟೊ.

ಈಗ ಎಲ್ಲರ ಕಣ್ಣು ಇನ್ನೊಂದು ಬಗೆಯ ಮೋಡದ ಮೇಲೆ. ಲಿಥಿಯಂ-6ರಂಥ ಪರಮಾಣುಗಳು ಜೋಡಿ ಕಟ್ಟಿಕೊಂಡರೆ ಮಾತ್ರ ತಿಕ್ಕಾಟವಿಲ್ಲದೆ ಹರಿಯುತ್ತವೆ. ಅಂಥ ಮೋಡದ ಸುಳಿಗಳು 2005ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಡವು. ಜೋಡಿಯೇ ಒಂದರ ಸುತ್ತ ಒಂದು ಗಿರಕಿ ಹೊಡೆಯುತ್ತಾ ಹರಿದರೆ? ಆಗ ಇಡೀ ಮೋಡಕ್ಕೇ ಅಂಥ ಒಂದು ಎಣಿಕೆ ಬರುತ್ತದೆ, ಅಂಚಿನಲ್ಲಿ ಸುಲಭಕ್ಕೆ ಅಳಿಯದ ಹರಿವು ಇರುತ್ತದೆ ಅನ್ನುತ್ತದೆ ಲೆಕ್ಕ. ಕಾಗದದ ಮೇಲೆ ಚೆಂದ. ಲ್ಯಾಬಿನಲ್ಲಿ ಅಂಥ ಜೋಡಿಗೆ ಮೂರನೆಯ ಪರಮಾಣು ಬಂದು ಗುದ್ದುತ್ತದೆ, ಮೂರೂ ಚೆಲ್ಲಾಪಿಲ್ಲಿ. ಲೇಸರಿನಲ್ಲೇ ದಾರಿ ಹುಡುಕೋಣ ಅಂದರೆ ಮೋಡ ಬಿಸಿಯಾಗುತ್ತದೆ.

ನಾವು ಸದ್ಯಕ್ಕೆ ರುಬಿಡಿಯಂ ಸುಳಿ ಎಣಿಸ್ತಾ ಇದ್ದೇವೆ. ಹಬ್ಬದ ಹಿಂದಿನ ದಿನದ ಫೋಟೊದಲ್ಲಿ ಏಳು ಇದ್ದವು. ಚಿಕ್ಕಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ, ಕನ್ನಡಕ ಹಾಕಿಕೊಂಡು ಆರು ಎಣಿಸಿದರು.