‘ಸಪೋರ್ಟ್ ಇದೆ’ ಅಂದರೆ ಸಾಲದು

ಒಂದು ಸೌಲಭ್ಯಕ್ಕೆ ಬ್ರೌಸರ್‌ಗಳಲ್ಲಿ ‘ಸಪೋರ್ಟ್ ಇದೆ’ ಅಂದ ಮಾತ್ರಕ್ಕೆ ವೆಬ್ ಪುಟ ಎಲ್ಲೆಡೆ ಸರಿಯಾಗಿ ಓಡುವುದಿಲ್ಲ. ಮೊಬೈಲ್‌ನಲ್ಲಿ ಪುಟ ತೆರೆದರೆ ತಳದ ‘ಮುಂದುವರಿಸಿ’ ಬಟನ್ ಅರ್ಧವಷ್ಟೇ ಕಾಣುತ್ತದೆ. ಹೆಚ್ಚಾಗಿ ಇದಕ್ಕೆ ಕಾರಣ, ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಎತ್ತರಕ್ಕೆ 100 ವಿಎಚ್ (ತೆರೆಯ ಪೂರ್ತಿ ಎತ್ತರ) ಎಂದು ಬರೆದಿರುವುದು. ಅಡ್ರೆಸ್ ಬಾರ್ ಮರೆಯಾದಾಗ ಸಿಗುವ ದೊಡ್ಡ ಎತ್ತರವನ್ನೇ ಮೊಬೈಲ್ ಬ್ರೌಸರ್‌ಗಳು ವಿಎಚ್ ಎಂದು ಲೆಕ್ಕ ಹಾಕುತ್ತವೆ. ಬಾರ್ ಕಾಣುತ್ತಿರುವಷ್ಟು ಹೊತ್ತೂ ಪುಟದ ತಳ ತೆರೆಯ ಆಚೆಗೆ ಉಳಿಯುತ್ತದೆ.

ಇದಕ್ಕೆಂದೇ ಎಸ್‌ವಿಎಚ್ (ಬಾರ್ ಕಾಣುವಾಗಿನ ಚಿಕ್ಕ ಎತ್ತರ), ಎಲ್‌ವಿಎಚ್ (ಬಾರ್ ಮರೆಯಾದಾಗಿನ ದೊಡ್ಡ ಎತ್ತರ), ಡಿವಿಎಚ್ (ಆ ಕ್ಷಣದ ಎತ್ತರ) ಎಂಬ ಮೂರು ಅಳತೆಗಳು ಬಂದವು. 2022ರಲ್ಲಿ ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108 ಇವನ್ನು ಒಂದಾದ ಮೇಲೊಂದು ಅಳವಡಿಸಿಕೊಂಡವು. ಹೆಸರು ಕೇಳಿ ಎಲ್ಲರೂ ಡಿವಿಎಚ್ ಹಾಕುತ್ತಾರೆ. ನನ್ನ ಮತ ಎಸ್‌ವಿಎಚ್‌ಗೆ. ಬಾರ್ ಹೋಗಿ ಬಂದಂತೆಲ್ಲ ಡಿವಿಎಚ್ ಬದಲಾಗುವುದರಿಂದ ಸ್ಕ್ರೋಲ್ ಮಾಡುವಾಗ ಲೇಔಟ್ ಕುಪ್ಪಳಿಸುತ್ತದೆ. ಮೊದಲ ಸಾಲಿನಲ್ಲಿ 100 ವಿಎಚ್, ಅದರ ಕೆಳಗೆ 100 ಎಸ್‌ವಿಎಚ್ ಬರೆಯಿರಿ. ಹಳೆಯ ಬ್ರೌಸರ್ ತನಗೆ ತಿಳಿಯದ ಎರಡನೆಯ ಸಾಲನ್ನು ಬಿಟ್ಟು ಮೊದಲನೆಯದನ್ನೇ ಬಳಸುತ್ತದೆ.

ಆದರೆ ಕೀಬೋರ್ಡ್ ಮೇಲೆದ್ದಾಗ ಈ ಮೂರರಲ್ಲಿ ಯಾವುದೂ ಕುಗ್ಗುವುದಿಲ್ಲ. ತಳಕ್ಕೆ ಫಿಕ್ಸ್ ಮಾಡಿದ ಬಟನ್ ಕೀಬೋರ್ಡ್ ಹಿಂದೆ ಅಡಗುತ್ತದೆ. ಪುಟವನ್ನು ತೆರೆಗೆ ಹೇಗೆ ಹೊಂದಿಸಬೇಕೆಂದು ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್‌ನಲ್ಲಿ ‘ಇಂಟರಾಕ್ಟಿವ್-ವಿಜೆಟ್’ಗೆ ‘ರಿಸೈಜಸ್-ಕಂಟೆಂಟ್’ ಕೊಟ್ಟರೆ ಆಂಡ್ರಾಯ್ಡ್‌ನ ಕ್ರೋಮ್, ಫೈರ್‌ಫಾಕ್ಸ್ ಮಾತು ಕೇಳುತ್ತವೆ. ಐಫೋನ್‌ಗೆ, ಕಣ್ಣಿಗೆ ಕಾಣುವ ಭಾಗದ ಅಳತೆ ಕೊಡುವ ವಿಷುಯಲ್ ವ್ಯೂಪೋರ್ಟ್ ಎಪಿಐನಿಂದ ಎತ್ತರ ಓದಿಕೊಂಡು ಬಟನ್ ಸರಿಸುವ ಸ್ಕ್ರಿಪ್ಟ್ ಬರೆಯಬೇಕು. ಅಲ್ಲಿ ಇನ್ನೊಂದು ಕಾಟವೂ ಇದೆ: ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ, ಮುಟ್ಟಿದ ಕೂಡಲೇ ಪುಟ ಝೂಮ್ ಆಗುತ್ತದೆ.

ಫಾರ್ಮ್‌ಗಳ ಬಗ್ಗೆ ದೂರು ಇದಕ್ಕಿಂತ ಹಳೆಯದು. ಆಯ್ಕೆಗಳನ್ನು ಕೊಡುವ ‘ಸೆಲೆಕ್ಟ್’ನಿಂದ ಇಳಿಯುವ ಪಟ್ಟಿಗೆ ಬೇಕಾದ ರೂಪ ಕೊಡಲಾಗದೆ ವರ್ಷಗಟ್ಟಲೆ ಜನ ಜಾವಾಸ್ಕ್ರಿಪ್ಟ್‌ನಲ್ಲೇ ನಕಲಿ ಸೆಲೆಕ್ಟ್ ಕಟ್ಟಿಕೊಂಡರು. ಆ ನಕಲಿಯಲ್ಲಿ ಬಾಣದ ಕೀಲಿ, ಅಕ್ಷರ ಒತ್ತಿ ಹುಡುಕುವುದು, ಸ್ಕ್ರೀನ್ ರೀಡರ್ – ಒಂದಲ್ಲ ಒಂದು ಕೈಕೊಟ್ಟೇ ಕೊಡುತ್ತದೆ. 2025ರಲ್ಲಿ ಕ್ರೋಮ್ 135 ಆ ಪಟ್ಟಿಗೆ ಬೇಕಾದ ರೂಪ ಕೊಡಲು ಬಿಡುವ ‘ಬೇಸ್-ಸೆಲೆಕ್ಟ್’ ಎಂಬ ಅಪಿಯರೆನ್ಸ್ ತಂದಿತು. ಇದನ್ನು ಈಗಲೇ ಬಳಸಬಹುದು, ಏಕೆಂದರೆ ಗೊತ್ತಿಲ್ಲದ ಬ್ರೌಸರ್‌ನಲ್ಲಿ ಮಾಮೂಲಿ ಸೆಲೆಕ್ಟ್ ಕಾಣುತ್ತದೆ, ಆಯ್ಕೆಗೆ ತೊಂದರೆಯಿಲ್ಲ.

ಒಳಗೆ ಏನಿದೆ ಎಂದು ನೋಡಿ ಹೊರಗಿನ ಅಂಶಕ್ಕೆ ಶೈಲಿ ಕೊಡುವ ಸಿಎಸ್‌ಎಸ್‌ನ ‘ಹ್ಯಾಸ್’ ಸೆಲೆಕ್ಟರ್‌ಗೆ ಈ ಅನುಕೂಲ ಇಲ್ಲ. ಸಫಾರಿಗೆ ಅದು ಬಂದದ್ದು 2022ರ ಮಾರ್ಚ್‌ನಲ್ಲಿ, ಫೈರ್‌ಫಾಕ್ಸ್‌ಗೆ 2023ರ ಡಿಸೆಂಬರ್‌ನಲ್ಲಿ. ಅಲ್ಪವಿರಾಮ ಹಾಕಿ ಬರೆದ ಸೆಲೆಕ್ಟರ್ ಪಟ್ಟಿಯಲ್ಲಿ ಒಂದು ‘ಹ್ಯಾಸ್’ ಇದ್ದರೂ, ಹಳೆಯ ಬ್ರೌಸರ್ ಇಡೀ ನಿಯಮವನ್ನೇ ಕೈಬಿಡುತ್ತದೆ. ಜೊತೆಗಿದ್ದ ಸರಳ ಕ್ಲಾಸ್‌ಗಳಿಗೂ ಶೈಲಿ ಸಿಗುವುದಿಲ್ಲ. ಅದನ್ನು ಯಾವಾಗಲೂ ಪ್ರತ್ಯೇಕ ನಿಯಮವಾಗಿ ಬರೆಯಿರಿ.

ಇಂಥ ಅಂತರ ತಗ್ಗಿಸಲೆಂದೇ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಜೊತೆಗೆ ಇಗಾಲಿಯಾ, ಬೊಕೂಪ್ ಎಂಬ ಸಲಹಾ ಸಂಸ್ಥೆಗಳು ಸೇರಿ 2022ರಿಂದ ಇಂಟರಾಪ್ ಯೋಜನೆ ನಡೆಸುತ್ತಿವೆ. ಪ್ರತಿವರ್ಷ ಕೆಲವು ವಿಷಯ ಆರಿಸಿ, ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟು, ಪಾಸಾದ ಪ್ರಮಾಣವನ್ನು ಬಹಿರಂಗವಾಗಿ ತೋರಿಸುತ್ತಾರೆ. ಬೇಸ್‌ಲೈನ್ ಗುರುತಿನ ಕೆಲಸ ಬೇರೆ: ಮುಖ್ಯ ಬ್ರೌಸರ್‌ಗಳಿಗೆಲ್ಲ ಬಂದ ಸೌಲಭ್ಯ ‘ಹೊಸದಾಗಿ ಲಭ್ಯ’, ಅಲ್ಲಿಂದ 30 ತಿಂಗಳಿಗೆ ‘ವ್ಯಾಪಕವಾಗಿ ಲಭ್ಯ’.

ಈ ಗುರುತನ್ನೂ ಕಣ್ಣುಮುಚ್ಚಿ ನಂಬಬೇಡಿ. ಪುಟದ ಮೇಲೆ ತೇಲಿ ತೆರೆಯುವ ಪೆಟ್ಟಿಗೆಯಾದ ಪಾಪ್ಓವರ್ 2024ರಲ್ಲೇ ಬೇಸ್‌ಲೈನ್‌ಗೆ ಸೇರಿತು. ಆದರೆ ಐಫೋನ್‌ನಲ್ಲಿ ಹೊರಗೆ ಮುಟ್ಟಿದರೆ ಅದು ಮುಚ್ಚುತ್ತಿರಲಿಲ್ಲ. ಆ ದೋಷದಿಂದಾಗಿ ದಿನಾಂಕವನ್ನು 2025ರ ಜನವರಿಗೆ ತಿದ್ದಬೇಕಾಯಿತು. ಹೀಗೆ ನಡವಳಿಕೆಯಲ್ಲಿರುವ ದೋಷ ಬ್ರೌಸರ್‌ಗೆ ಸೌಲಭ್ಯ ಗೊತ್ತೇ ಎಂದಷ್ಟೇ ನೋಡುವ ಸಿಎಸ್‌ಎಸ್‌ನ ‘ಸಪೋರ್ಟ್ಸ್’ ನಿಯಮದ ಕಣ್ಣಿಗೆ ಬೀಳುವುದೇ ಇಲ್ಲ. ಒಳಗೊಂದು ‘ಮುಚ್ಚಿ’ ಬಟನ್ ಇಡಿ, ನಿಜವಾದ ಐಫೋನ್‌ನಲ್ಲಿ ಬೆರಳಿಂದ ಮುಟ್ಟಿ ನೋಡಿ. ಡೆಸ್ಕ್‌ಟಾಪ್ ಕ್ರೋಮ್‌ನ ಮೊಬೈಲ್ ನೋಟದಲ್ಲಿ ಓಡುವುದು ಕ್ರೋಮ್‌ನ ಎಂಜಿನ್ನೇ. ಸಫಾರಿಯ ಎಂಜಿನ್ ಆದ ವೆಬ್‌ಕಿಟ್‌ನ ತಪ್ಪು ಅಲ್ಲಿ ಸಿಗುವುದಿಲ್ಲ.